ಒಂದೋ ಆರೋ

ಕೆಯೋನ್ ಧಕ್ಕೆಯಲ್ಲಿ ಬೆಳಗಿನ ಐದು ಗಂಟೆ.
ದೋನ್ಯಾ ಎದೆಲ್ಮೀರಾ ನಿಂತಲ್ಲೇ ಕುಂಟುತ್ತಿದ್ದಳು.
ಡೆಕ್ಕಿನ ಮೇಲೆ ಖಾಲಿ ಕಪ್ಪೆಚಿಪ್ಪಿನ ಬುಟ್ಟಿಗಳು
ಗಡಗಡ ಗಡಗಡ, ನಡುವೆ ಒಂದು ಬಿಟ್ಟುಹೋದ ಉಸಿರು,
ಮತ್ತೆ ಗಡಗಡ.

ಮುದುಕ ಬರ್ರೀಯಾ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು
ಆರೂ ಸಿಲಿಂಡರುಗಳ ಅಹವಾಲು ಕೇಳಿದ.
"ಎಲ್ಲವೂ ನಾನಲ್ಲ, ನಾನಲ್ಲ ಅನ್ನುತ್ತಿವೆ."
ಅವನ ಎಡಗಿವಿ ಹೋಗಿ ಹನ್ನೊಂದು ವರ್ಷ,
ಬಲಗಿವಿಯಲ್ಲಿ ಅರ್ಧ ಊಹೆ.

ಯಾಸ್ನಾ ನವೆಲ್ಕೀನ್ ಮಾತಾಡಲಿಲ್ಲ.
ಫ್ಲೈವೀಲಿನ ಹಲ್ಲುಗಳೆದುರು ಬೆರಳುದ್ದದ ಸೆನ್ಸರು ಬಿಗಿದಳು.
ಟಾರ್ಚು ಹಿಡಿದವನು ನಾನು.
ನೂರಾ ಮೂವತ್ತೆರಡು ಹಲ್ಲು;
ಒಂದರಿಂದ ಮುಂದಿನದಕ್ಕೆ ಎಷ್ಟು ಹೊತ್ತು?
ಅದಕ್ಕೆ ಗೊತ್ತಿರುವುದು ಅದೊಂದೇ ಪ್ರಶ್ನೆ.

ನಿಮಿಷಕ್ಕೆ ಆರುನೂರು ಸುತ್ತು ಅಂತಿತ್ತು ಮೀಟರು.
ಮೀಟರು ಸುಳ್ಳು ಹೇಳುವುದಿಲ್ಲ, ಸರಾಸರಿ ಹೇಳುತ್ತದೆ.
ಪರದೆಯ ಮೇಲೆ ಎರಡು ಸುತ್ತಿಗೆ ಆರು ಗುಡ್ಡ ಏಳಬೇಕಿತ್ತು.
ಐದು ಎದ್ದವು.
ಆರನೆಯದರ ಜಾಗದಲ್ಲಿ ಶಾಫ್ಟು
ಏರಿನಲ್ಲಿ ಸೈಕಲ್ಲಿನಂತೆ ತುಸು ತಡವರಿಸಿ
ಅಕ್ಕಪಕ್ಕದವರ ಬಲದಲ್ಲಿ ದಾಟಿಕೊಂಡಿತು.

ಹೋದ ಮಾರ್ಚಿನಲ್ಲಿ ನಮ್ಮೂರಲ್ಲಿ ಮಿಂಗಾ.
ಎಲಿಸೇವೊನ ಮರದ ಮನೆಯನ್ನು ಬುಡಸಮೇತ ಎಬ್ಬಿಸಿ,
ಎತ್ತು ಕಟ್ಟಿ, ಊರೆಲ್ಲ ಸೇರಿ ಕೊಲ್ಲಿಯ ತನಕ ಎಳೆದೆವು.
ನಾನು ಹಗ್ಗ ಹಿಡಿದಿದ್ದೆ, ಎಳೆಯಲಿಲ್ಲ,
ಮುಖ ಮಾತ್ರ ಎಲ್ಲರಂತೆ ಕಿವುಚಿದ್ದೆ.
ಯಾರೂ ನೋಡಲಿಲ್ಲ.
ಹಗ್ಗಕ್ಕೆ ಗೊತ್ತಿತ್ತೇನೋ.

"ಯಾವುದು?" ಅಂದ ಬರ್ರೀಯಾ.
"ಒಂದೋ ಆರೋ," ಯಾಸ್ನಾಳ ದನಿ ತಗ್ಗಿತ್ತು.
ಅವೆರಡೂ ಜೊತೆಗೇ ಏರುತ್ತವೆ, ಜೊತೆಗೇ ಇಳಿಯುತ್ತವೆ;
ಒಂದು ದುಡಿಯುವಾಗ ಇನ್ನೊಂದು ಬರೀ ಗಾಳಿ ಎಳೆದುಕೊಳ್ಳುತ್ತದೆ.
ಈಗ ಯಾರ ಸರದಿ ಎಂದು ಈ ಹಲ್ಲುಗಳಿಗೆ ತಿಳಿಯದು.
ಕ್ಯಾಮ್ ಶಾಫ್ಟಿಗೆ ತಿಳಿದೀತು,
ಅಲ್ಲಿಗೆ ಇವಳ ವೈರು ಮುಟ್ಟದು.

ಮುದುಕ ಕೈಗವಸು ಕಳಚಿದ.
ಒಂದನೆಯದರ ಹೊಗೆಕೊಳವೆಯ ಹತ್ತಿರ ಅಂಗೈ ತಂದು
ಸರಕ್ಕನೆ ಹಿಂದೆಗೆದ.
ಆರನೆಯದರ ಮೇಲೆ ಇಟ್ಟ.
ಇಟ್ಟೇ ಇದ್ದ,
ಮಲಗಿದ ಬೆಕ್ಕಿನ ಬೆನ್ನ ಮೇಲೆ ಇಟ್ಟ ಹಾಗೆ.

ಇಂಜೆಕ್ಟರೋ ವಾಲ್ವೋ, ಬಿಚ್ಚಿದ ಮೇಲೆ ಗೊತ್ತಾಗಬೇಕು.
ಭರತ ಏರಲು ಇನ್ನು ಎರಡು ತಾಸು.
ಎಂಜಿನ್ನು ಆರಿಸಿ, ಹದಿನೇಳರ ಸ್ಪ್ಯಾನರಿಗೆ
ಯಾಸ್ನಾ ಹಿಂದಕ್ಕೆ ಕೈ ಚಾಚಿದಳು.
ಎಲ್ಲೋ ಯೋಚಿಸುತ್ತ ಹತ್ತೊಂಬತ್ತರದು ಕೊಟ್ಟೆ.
ಅವಳು ತಿರುಗಿ ನೋಡಲೂ ಇಲ್ಲ;
ಬೆರಳಲ್ಲೇ ತೂಗಿ
ವಾಪಸ್ಸು ಚಾಚಿದಳು.