ಷರಾ

ಗೇಟು ರಿಜಿಸ್ಟರಿನಲ್ಲಿ ಆರು ಕಾಲಮ್ಮು:
ಗಾಡಿ ನಂಬರು, ಫೋನು ಬಂದ ಹೊತ್ತು, ಗೇಟು ಹಾಕಿದ ಹೊತ್ತು,
ಗಾಡಿ ಹೋದ ಹೊತ್ತು, ಗೇಟು ತೆಗೆದ ಹೊತ್ತು, ಷರಾ.
ಅವನಿಗೆ ಜಾಗವಿಲ್ಲ.
ಹಿಂಬದಿ ರಟ್ಟಿನ ಒಳಮೈಗೆ
ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ.

ಬಾಗೇಶಪುರದ ಆಚೆ ನನ್ನ ಗೇಟು.
ಹಳಿ ಅರಸೀಕೆರೆಯಿಂದ ಹಾಸನಕ್ಕೆ, ಬಡಗಲಿಂದ ತೆಂಕಲಿಗೆ.
ಅವನದು ಅಡ್ಡರಸ್ತೆಯ ದಾರಿ:
ಗಂಡಸಿ ಕಡೆಯಿಂದ ಬಂದು, ಹಳಿ ದಾಟಿ, ಬೇಲೂರಿನ ಕಡೆಗೆ.
ಗೇಟು ಹಾಕಿದ್ದರೂ ನಿಂತವನಲ್ಲ.

ಭಾದ್ರಪದದ ಬಿದಿಗೆ, ಎರಡರಿಂದ ಹತ್ತರ ಪಾಳಿ.
ಮೊದಲು ಕಂಡದ್ದು ನೂರುಲ್ಲಾನ ಮಗಳಿಗೆ:
‘ಅಕ್ಕಾ, ನೀಲಗಿರಿ ತುದೀಲಿ ಯಾರೋ ಉಗುರು ಕತ್ತರಿಸಿ ಬಿಸಾಕವ್ರೆ.’
ಗಡಿಯಾರ ನೋಡಿ ತಲೆ ಎತ್ತುವಷ್ಟರಲ್ಲಿ
ಉಗುರೂ ಇಲ್ಲ, ಬೆರಳೂ ಇಲ್ಲ.

ಚೌತಿಯ ದಿನ ನೋಡಬಾರದು ಅಂತಲೇ ಇದ್ದೆ.
ಏಳೂ ನಲವತ್ತರ ಗಾಡಿಗೆ ಹಸಿರು ದೀಪ ಹಿಡಿದು ಗಾರ್ಡಿನ ಮುಖ ಹುಡುಕಿದರೆ
ಕೊನೆಯ ಡಬ್ಬಿಯ ಹಿಂದೆ
ಎರಡು ತೆಂಗಿನ ನಡುವೆ ಅವನು, ಬಾಯಿ ಓರೆ ಮಾಡಿಕೊಂಡು.
ಒಂಬತ್ತಕ್ಕೆ ಆಲೂಗಡ್ಡೆ ಟ್ರ್ಯಾಕ್ಟರು ಬಂದು ಗೇಟಿಗೆ ಗುದ್ದಿತು.
ಡ್ರೈವರ್ ಓಡಿಹೋದ. ಮೂಟೆ ಒಡೆದು
ಹಳಿಯುದ್ದಕ್ಕೂ ಗೆಡ್ಡೆ ಉರುಳಿದವು.
ನಾಕು ದಿನಕ್ಕೆ ಮೆಮೊ ಬಂತು:
‘ಗೇಟ್‌ಮನ್ ಎಚ್. ಗಂಗಾಜಮ್ಮ ಇವರು ಗಂಟೆ ಬಾರಿಸಿರುವುದಿಲ್ಲ.
ಮೂರು ದಿನದೊಳಗೆ ವಿವರಣೆ.’
ಬಾರಿಸಿದ್ದೆ. ಗಂಟೆಗೆ ಸಾಕ್ಷಿ ಯಾರು?
ಅಜ್ಜಿ ಇದ್ದಿದ್ದರೆ ಪಕ್ಕದ ಮನೆ ಹೆಂಚಿಗೆ ಕಲ್ಲೆಸೆದು
ನಾಕು ಬೈಗುಳ ಉಣ್ಣು ಅನ್ನುತ್ತಿದ್ದಳು.
ಇಲ್ಲಿ ಪಕ್ಕದ ಮನೆ ಮೂರು ಕಿಲೋಮೀಟರು.

ಗಾಡಿ ಐದು ನಿಮಿಷ ತಡವಾದರೆ ಸ್ಟೇಷನ್ನಿಗೆ ಸ್ಟೇಷನ್ನೇ ಫೋನು ಹಿಡಿಯುತ್ತದೆ.
ಇವನು ದಿನಕ್ಕೆ ಮುಕ್ಕಾಲು ಗಂಟೆ ತಡ,
ಒಮ್ಮೊಮ್ಮೆ ಅದಕ್ಕೂ ಹೆಚ್ಚು.
ತಿಂಗಳಿಗೆ ಒಂದು ಇಡೀ ದಿನ ನುಂಗಿ
ಏನೂ ಆಗದವನ ಹಾಗೆ ಮತ್ತೆ ಬಿದಿಗೆಗೆ ಹಾಜರು.

ಹುಣ್ಣಿಮೆ ಬಂದಾಗ ನನಗೆ ರಾತ್ರಿ ಪಾಳಿ.
ಹನ್ನೆರಡಕ್ಕೆ ಸರಿಯಾಗಿ ಹಳಿಯ ಮೇಲೆ, ನೆತ್ತಿಯಲ್ಲಿ.
ಜಲ್ಲಿಕಲ್ಲು ಒಂದೊಂದೂ ಎಣಿಸಬಹುದು.
ಎರಡೂ ದೀಪ ಹೊತ್ತಿಸಿಟ್ಟೆ, ಗುಮಟಿಯ ಬಲ್ಬನ್ನೂ.
ದಾರಿಹೋಕರು ನಗುತ್ತಾರೆ. ನಗಲಿ.

ನಮ್ಮಪ್ಪ ಕೀಮ್ಯಾನ್ ಹೊನ್ನಪ್ಪ
ತಿಥಿಯನ್ನು ಬೆರಳ ಗೆಣ್ಣಲ್ಲಿ ಎಣಿಸುವವನು.
ಮಳೆಗಾಲದ ಪಟ್ರೋಲಿನಲ್ಲಿ ಮೋಡ ಹರಿದರೆ ಸಾಕು, ಬ್ಯಾಟರಿ ಆರಿಸಿಬಿಡುತ್ತಿದ್ದ:
‘ಬೆಳುದಿಂಗಳು ಸರ್ಕಾರದ್ದಲ್ಲ, ಪುಗಸಟ್ಟೆ.
ಸೆಲ್ಲು ಯಾಕೆ ಸುಡಬೇಕು?’
ಅವನು ಹೋದದ್ದು ಕತ್ತಲಲ್ಲಲ್ಲ.
ಅಷ್ಟು ಬೆಳಕಲ್ಲಿ ಇಂಜಿನ್ನಿನ ಬೆಳಕು
ಬೇರೆಯಾಗಿ ಕಾಣಿಸಲಿಲ್ಲವೋ ಏನೋ.
ಬ್ಯಾಟರಿ ಚೀಲದಲ್ಲೇ ಇತ್ತು, ಆರಿಸಿದ್ದು.
ಹೊಸ ಸೆಲ್ಲು.
ಅದರ ಅನುಕಂಪದ ನೌಕರಿ ಇದು.

ಆಮೇಲಿನ ವಾರ ಬೆಳಗಿನ ಪಾಳಿ.
ಒಂಬತ್ತು ಗಂಟೆ ಬಿಸಿಲಲ್ಲಿ ಪಡುವಣಕ್ಕೆ ನೋಡಿದರೆ
ಇನ್ನೂ ಇಲ್ಲೇ ಇದ್ದಾನೆ, ತೊಳೆದಿಟ್ಟ ದೋಸೆಕಲ್ಲಿಗೆ ಅಂಟಿದ ಹಿಟ್ಟಿನಂತೆ.
ಬೈಕಿನವರು ಹಾರನ್ನು ಬಾರಿಸುತ್ತಾರೆ,
ಒಬ್ಬನೂ ಮೇಲೆ ನೋಡುವುದಿಲ್ಲ.
ನಾನೂ ಕೂಗಿ ತೋರಿಸಲಿಲ್ಲ.

ಪಕ್ಷದ ಚತುರ್ದಶಿ ಘಾತದಲ್ಲಿ ಸತ್ತವರದು.
ಅವನು ಸತ್ತ ತಿಥಿ ಬೇರೆ, ಊಟದ ತಿಥಿ ಬೇರೆ.
ನೂರುಲ್ಲಾನಿಗೆ ಹೇಳಿ ಪಾಳಿ ಬದಲಿಸಿಕೊಂಡೆ.
ಗುಮಟಿಯ ಹಿಂದೆ ಬಾಳೆಲೆಯಲ್ಲಿ
ಮುದ್ದೆ, ಉಪ್ಸಾರು, ಒಂದು ಕಟ್ಟು ಬೀಡಿ.

ಐದೂ ಹತ್ತು. ಗಂಡಸಿ ರಸ್ತೆಯ ಕೊನೆಯಲ್ಲಿ
ಬೀಗ ಹಾಕಿದ ಬಾಗಿಲ ಸಂದಿಯಷ್ಟು ಬೆಳಕು.
ಆಗಲೇ ಫೋನು: ಗೂಡ್ಸು, ಗೇಟು ಹಾಕಿ.
ಹಾಕಿದೆ. ಗಂಟೆ ಬಾರಿಸಿದೆ, ಬೇಕಾದ್ದಕ್ಕಿಂತ ಹೆಚ್ಚಾಗಿಯೇ.
ನಂಬರು ಹೇಳಿದೆ. ಮಾಸ್ತರು ತಿರುಗಿ ಹೇಳಿದರು.
ಐವತ್ತೆಂಟು ಡಬ್ಬಿ ಮುಗಿಯುವಷ್ಟರಲ್ಲಿ
ಆಕಾಶ ಬಿಳಿಚಿ, ಆ ಗೆರೆ ಎಲ್ಲಿತ್ತೋ ಗೊತ್ತಾಗಲಿಲ್ಲ.

ವಿವರಣೆ ಇನ್ನೂ ಬರೆದಿಲ್ಲ.
ರಟ್ಟಿನ ಮೇಲೆ ಬರೆದೆ: ‘5-10. ಬಂದಿದ್ದ.’
ಯಾರು ಅಂತ ಬರೆಯಲಿಲ್ಲ.
ಆರು ಗಂಟೆಗೆ ಬಿಸಿಲು ಬಿತ್ತು, ಕಾಗೆ ಇಳಿಯಿತು.
ಕೈದೀಪ ಉರಿಯುತ್ತಲೇ ಇತ್ತು.
ಸೆಲ್ಲು ಹಾಳಾಗಲಿ.