ನೀಲಿ ಪೆನ್ಸಿಲ್ಲು

ಕುತಾಯಿಸಿಯ ಆಸ್ಪತ್ರೆ, ಮೂರನೆಯ ಮಹಡಿ.
ಕಿಟಕಿಯ ಕೆಳಗೆ ರಿಯೋನಿ ನದಿ
ಬಿಳಿ ಕಲ್ಲುಗಳ ನಡುವೆ ಏನೋ ಗೊಣಗುತ್ತಿದೆ.
ಇಲ್ಲ, ಗೊಣಗುತ್ತಿಲ್ಲ. ಹರಿಯುತ್ತಿದೆ.
ಈ ಕೋಣೆಯಲ್ಲಿ ನಾನು ಮಾತು ಅಳೆದು ಆಡಬೇಕು
(ಅಳೆದು? ಯಾವ ಸೇರಿನಲ್ಲಿ?),
ಎದುರಿಗೆ ವಾರ್ಲಾಮ್ ಮಾಸ್ತರರು ಕೂತಿದ್ದಾರೆ.

ಮೂವತ್ತೊಂದು ವರ್ಷ ಸಾಹಿತ್ಯ ಕಲಿಸಿದವರು.
ನಾನು ಬಿ ವಿಭಾಗ, ನಮಗೆ ಅವರು ಸಿಗಲಿಲ್ಲ;
ಆದರೂ ಇಡೀ ಶಾಲೆಗೆ ಗೊತ್ತಿತ್ತು ಆ ಜೋಡಿ ಪೆನ್ಸಿಲ್ಲು:
ಉಪಮೆಗೆ ಕೆಂಪು ಗೆರೆ, ರೂಪಕಕ್ಕೆ ನೀಲಿ.
'ಹಾಗೆ', 'ಅಂತೆ', 'ಹೋಲುವ' ಇವೆಲ್ಲ ಬಾಗಿಲ ಗಂಟೆ,
ಉಪಮೆ ಗಂಟೆ ಬಾರಿಸಿ ಒಳಗೆ ಬರುತ್ತದೆ;
ರೂಪಕ ಮಾತ್ರ ಬೂಟು ಕಳಚದೆ ನೇರ ಅಡುಗೆಮನೆಗೆ ನುಗ್ಗಿ
ನಿಮ್ಮ ತಟ್ಟೆಯಲ್ಲೇ ಉಣ್ಣುತ್ತದೆ, ಎನ್ನುತ್ತಿದ್ದರಂತೆ.

ಮೇ ತಿಂಗಳಲ್ಲಿ, ಮೆದುಳಿನ ಬಲ ಮಗ್ಗುಲಲ್ಲಿ
ದಾಳಿಂಬೆ ಬೀಜದಷ್ಟು ರಕ್ತ ಹೆಪ್ಪುಗಟ್ಟಿತು.
('ಬೀಜದಷ್ಟು': ಕೆಂಪು ಗೆರೆ.)
ನಡಿಗೆ ಮರಳಿದೆ. ಹೆಸರು, ತಾರೀಕು, ಕೂಡಿಸು ಕಳೆ ಎಲ್ಲ ಸರಿ.
ಹೋದದ್ದು ಒಂದೇ.

ಮೊದಲ ಕಾರ್ಡು: 'ಅವನು ನನ್ನ ತಲೆ ತಿಂದ.'
ನಾಲ್ಕು ಚಿತ್ರ. ಮಾಸ್ತರರ ಬೆರಳು ತಡವರಿಸದೆ
ಫೋರ್ಕು ಹಿಡಿದವನ ಮೇಲೆ ನಿಂತಿತು.
'ಪೊಲೀಸರಿಗೆ ತಿಳಿಸಿದಿರಾ?'
'ಅವಳ ಬಾಯಿಗೆ ಬೀಗ ಬಿತ್ತು': ಬೀಗದ ಚಿತ್ರ.
'ತಪ್ಪನ್ನು ಹೊಟ್ಟೆಗೆ ಹಾಕಿಕೊ': ಬಹಳ ಹೊತ್ತು ನೋಡಿ,
'ಬೇಯಿಸಿದ್ದೋ, ಹಸಿಯೋ?'
ನಾನು ನಗಬಾರದು. ನಕ್ಕೆ. ಅವರೂ ನಕ್ಕರು,
ಯಾಕೆಂದು ತಿಳಿಯದೆ, ಮರ್ಯಾದೆಗೆ.
'ಅಯ್ಯೋ, ಹೊತ್ತು ಹೇಗೆ ಓಡಿತು' ಅಂದುಬಿಟ್ಟೆ;
ಗಡಿಯಾರ ನೋಡಿ ಸಮಾಧಾನ ಹೇಳಿದರು,
'ಇಲ್ಲಮ್ಮ, ಗೋಡೆಯ ಮೇಲೇ ಇದೆ.'
ಸೊನ್ನೆ, ಸೊನ್ನೆ, ಸೊನ್ನೆ.

ಐದಕ್ಕೆ ಎತೆರಿ ಬರುತ್ತಾರೆ.
ಚೀಲದಲ್ಲಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ,
ತಮ್ಮದೇ ಸಕ್ಕರೆ ಕಾಯಿಲೆಯ ಮಾತ್ರೆ.
ಗಂಡನ ಕಾಲರು ಸರಿಮಾಡಿ, ಹಣೆ ಮುಟ್ಟಿ,
'ಶೆನಿ ಚಿರಿಮೆ' ಅಂದರು. ನಿನ್ನ ಪೀಡೆ ನನಗಿರಲಿ.
ನಮ್ಮ ಕಡೆ ಇದು ಮಾತೇ ಅಲ್ಲ, ಮಾತಿನ ನಡುವಿನ ಉಸಿರು.
ಮಗುವಿಗೆ, ತರಕಾರಿಯವನಿಗೆ, ಬೆಕ್ಕಿಗೂ ಅನ್ನುತ್ತೇವೆ.
ಹಳೆ ಮೆಟ್ಟಿಲ ನಡುವಿನ ತಗ್ಗು; ತುಳಿಯುತ್ತೇವೆ, ನೋಡುವುದಿಲ್ಲ.
ಇದರ ಕೆಳಗೆ ಅವರೂ ನೀಲಿ ಎಳೆದಿರಲಿಕ್ಕಿಲ್ಲ.

ಮಾಸ್ತರರು ಆಕೆಯ ಮಣಿಕಟ್ಟು ಹಿಡಿದರು.
'ಬೇಡ.'
'ಏನು ಬೇಡ?'
'ನನ್ನ ಪೀಡೆ. ನಿನಗೆ ಆಗಲೇ ಸಕ್ಕರೆ ಕಾಯಿಲೆ ಇದೆ.
ಇದೂ ಬಂದರೆ ಎಡಗೈ ನಿನ್ನದಲ್ಲ ಅನಿಸುತ್ತದೆ.
ನೀನು ಒಲೆಯ ಮುಂದೆ ನಿಲ್ಲುವವಳು. ಸುಟ್ಟುಕೊಳ್ಳುತ್ತೀ.'
ಆಮೇಲೆ ನನ್ನತ್ತ ತಿರುಗಿ,
ಹೆಡ್‌ಮಾಸ್ತರರ ಬಳಿ ದೂರು ಹೇಳುವ ದನಿಯಲ್ಲಿ:
'ಇವಳು ದಿನಾ ಕೇಳುತ್ತಾಳೆ. ದಯವಿಟ್ಟು ಕೊಡಬೇಡಿ.'

ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಎತೆರಿ
ಅರ್ಧಕ್ಕೆ ನಿಂತರು. ನಲವತ್ತನಾಲ್ಕು ವರ್ಷ ಅಂದದ್ದನ್ನು
ಇವತ್ತು ಯಾರೋ ಕೇಳಿಸಿಕೊಂಡಿದ್ದರು.
'ನಿಜವಾಗಿಯೇ ಕೇಳುತ್ತಿದ್ದೆ' ಅಂದರು,
ನನಗಲ್ಲ, ಅವರಿಗೂ ಅಲ್ಲ, ಗಂಟಿಗೆ.

ನಮೂನೆಯಲ್ಲಿ ಒಂದು ಕಾಲಂ ಇದೆ:
'ಆಡುನುಡಿಯ ಒಳ ಅರ್ಥ ಗುರುತಿಸಿದರೇ?'
ಇಲ್ಲ ಎಂದು ಬರೆಯಬೇಕು. ಬರೆದೆ.
ಪೆನ್ನು ನೀಲಿ. ಅದಕ್ಕೆ ಅರ್ಥ ಹಚ್ಚಬೇಡಿ,
ಆಸ್ಪತ್ರೆಯಲ್ಲಿ ಕೊಡುವುದೇ ನೀಲಿ.

ಮನೆಗೆ ಹೋಗುವ ವ್ಯಾನು, ಬಾಗಿಲ ಕೊಂಡಿ ಸಡಿಲ.
ಇಳಿಯುವಾಗ ಚಾಲಕ ಕನ್ನಡಿಯಲ್ಲೇ ನೋಡಿ ಕೂಗಿದ:
'ನಿನ್ನ ಪೀಡೆ ನನಗಿರಲಿ ತಂಗೀ, ಬಾಗಿಲು ಮೆಲ್ಲಗೆ ಹಾಕು!'
ಹಾಕಿದೆ.
ಕೊಟ್ಟುಬಿಟ್ಟೆನೇನೋ ಎಂದು
ಕಂಬದ ದೀಪದ ಕೆಳಗೆ ನಿಂತು
ಅವನ ವ್ಯಾನು ತಿರುವು ದಾಟುವವರೆಗೂ ನೋಡಿದೆ.