ಪ್ರಿಯೆರತ್ನಾ

ತುಜ್ಲಾದ ಹಳೇ ಸಾಮಾನಿನ ಸಂತೆಯಲ್ಲಿ
ಮೊದಲ ಸಲ ಈ ಮಾತು ಕಿವಿಗೆ ಬಿದ್ದಾಗ
ಯಾರೋ ಯಾರನ್ನೋ ಮುದ್ದು ಮಾಡುತ್ತಿದ್ದಾರೆ ಅಂದುಕೊಂಡೆ:
ಪ್ರಿಯೆ, ರತ್ನಾ.

ಕನ್ನಡದ ಕಿವಿ, ತಪ್ಪು ಅದರದ್ದು.
ಪ್ರಿಯೆ ಅಂದರೆ ಬೋಸ್ನಿಯಾದಲ್ಲಿ ಮುಂಚೆ. ರಾತ್ ಅಂದರೆ ಯುದ್ಧ.
ಮಾರುವವ ಕೂಗಿ ಹೊಗಳುತ್ತಿದ್ದದ್ದು ಒಂದು ಹೊಲಿಗೆ ಯಂತ್ರವನ್ನು.
ಯುದ್ಧಕ್ಕೆ ಮುಂಚಿನದು,
ಅಂದರೆ ಗಟ್ಟಿ, ಅಂದರೆ ಚೌಕಾಸಿ ಬೇಡ.

ಮನೆಯೊಡತಿ ಝಿನೇತಾ ನನಗೆ ವ್ಯಾಕರಣ ಕಲಿಸಿದ್ದು
ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುತ್ತಾ.
ಯಂತ್ರ ಹೆಣ್ಣು, ಆದ್ದರಿಂದ ರತ್ನಾ.
ಗಿರಣಿ ಗಂಡು, ರತ್ನಿ.
ಕೂಸು, ನಿಮ್ಮಲ್ಲಿದ್ದ ಹಾಗೇ,
ಅತ್ತಲೂ ಅಲ್ಲ ಇತ್ತಲೂ ಅಲ್ಲ: ರತ್ನೊ.
"ಗಂಡ?" ಎಂದೆ.
"ಗಂಡು," ಎಂದಳು ಸಿಪ್ಪೆ ಸುಲಿಯುತ್ತಾ,
"ರತ್ನಿ. ತೊಂಬತ್ತೆರಡರವರೆಗೆ."

ಅವಳ ಅತ್ತೆ ರಾಬಿಯಾ ಇದ್ದಷ್ಟು ದಿನ
ಈ ಪದಕ್ಕೆ ಇನ್ನೊಂದು ಯುದ್ಧ ಇತ್ತಂತೆ.
ಅತ್ತೆಯ ಮರದ ಬೀರು ನಲವತ್ತೊಂದಕ್ಕೆ ಮುಂಚಿನದು,
ಸೊಸೆಯ ಫ್ರಿಜ್ಜು ತೊಂಬತ್ತೆರಡಕ್ಕೆ.
(ಬಂದ ದಿನ ಅದು ಬರೀ ಫ್ರಿಜ್ಜು, ಕಂತಿನದು.)
ಒಂದೇ ಅಡುಗೆಮನೆಯಲ್ಲಿ ಎರಡು ಮುಂಚೆಗಳು.
ಒಂದರ ಬಾಗಿಲು ತೆರೆದರೆ ಇನ್ನೊಂದಕ್ಕೆ ತಗಲುತ್ತಿತ್ತು.
ಅತ್ತೆ ಹೋದ ಮೇಲೆ ಬೀರು
ಸುಮ್ಮನೆ ಹಳೇದಾಯಿತು.

ಅಡಿಯ ಉಪ್ಪು ತೆಗೆದು ತೆಗೆದು
ಈ ಊರಿನ ನೆಲವೇ ತಗ್ಗಿದೆ.
ಹೋದ ಶನಿವಾರ ಸಂತೆಯಲ್ಲಿ
ಹಿತ್ತಾಳೆಯ ಕಾಫಿ ಗಿರಣಿ ಎತ್ತಿ ಹಿಡಿದ ಹುಡುಗ,
ಹುಟ್ಟಿದ್ದೇ ಎರಡು ಸಾವಿರದ ಈಚೆ, ಆಣೆ ಹಾಕಿದ:
ಯುದ್ಧಕ್ಕೆ ಮುಂಚಿನದು ತಾಯೀ, ಆಮೇಲೆ ಯಾರೂ ಮುಟ್ಟಿಲ್ಲ.

ಝಿನೇತಾ ಗಿರಣಿ ತಲೆಕೆಳಗು ಮಾಡಿ
ತಳಕ್ಕೆ ಬಡಿದಳು.
ಅಂಗೈಗೆ ಚಿಟಿಕೆ ಪುಡಿ ಬಿತ್ತು.
ಮೂಸಿದಳು.
ಕಾಫಿಯಲ್ಲ. ಮಸೂರ ಬೇಳೆ, ಕಪ್ಪಗೆ ಸೀಯುವಷ್ಟು ಹುರಿದದ್ದು.
ಕಾಫಿ ಸಿಗದ ಆ ವರ್ಷಗಳಲ್ಲಿ
ಓಣಿಯ ಹೆಂಗಸರು ಅದನ್ನೇ ಬೀಸಿ, ಕುದಿಸಿ,
ಸಣ್ಣ ಬಟ್ಟಲಿಗೆ ಬಗ್ಗಿಸಿ
"ಕಾಫಿಗೆ ಬನ್ನಿ" ಎಂದು ಕರೆಯುತ್ತಿದ್ದರು,
ಕರೆದವರು ಬರುತ್ತಿದ್ದರು,
ಬಂದವರು ಚೆನ್ನಾಗಿದೆ ಅನ್ನುತ್ತಿದ್ದರು.

ಈಗ ಹುಡುಗನಿಗೆ ಬೈಯುತ್ತಾಳೆ ಅಂದುಕೊಂಡೆ.
ಕೇಳಿದಷ್ಟೂ ಎಣಿಸಿ ಕೊಟ್ಟಳು, ಎಡಗೈಯಲ್ಲೇ.

"ಹಾಗಾದರೆ ಇದಕ್ಕೆ ಏನನ್ನಬೇಕು?"
ಬಸ್ಸಿನಲ್ಲಿ ಅವಳ ಬಲ ಮುಷ್ಟಿ ತೋರಿಸಿ ಕೇಳಿದೆ.
"ಬರೀ ರತ್ನಿ," ಎಂದಳು.
"ಪ್ರಿಯೆ ತೆಗೆದುಬಿಡು."

ಗಿರಣಿ ನನ್ನ ತೊಡೆಯ ಮೇಲಿತ್ತು.
ಮನೆ ಬರುವವರೆಗೂ ಅವಳು ಆ ಮುಷ್ಟಿ ಬಿಚ್ಚಲಿಲ್ಲ,
ಟಿಕೇಟಿಗೆ ನಾನೇ ಕೊಡಬೇಕಾಯಿತು.